ಇಮಾಮ ಕೊಟ್ಟ ತಾರ

ತಡೀರಿ, ಪುಟ ತಿರುವಬೇಡಿ. ಇದನ್ನು ಪೂರ್ತಿ ಕೇಳಿ, ಆಮೇಲೆ ಬಯ್ಯುವುದಿದ್ದರೆ ನನ್ನನ್ನೇ ಬಯ್ಯಿರಿ. ಒಬ್ಬ ಮನುಷ್ಯನನ್ನು ಉಳಿಸಲು ಹೊರಟು, ನನ್ನ ಬಾಯಿಂದಲೇ ಏನು ಮಾಡಿಕೊಂಡೆ ಅನ್ನುವುದು ಈ ಕಂತಿನಲ್ಲಿದೆ.

"ಕೈ ಮುಂದ ಮಾಡಲೇ," ಎಂದ ಫೌಜದಾರ ಶಿದ್ರಾಯ.

ಇಮಾಮ ಮಾಡಲಿಲ್ಲ. ಬೇಡಿ ಹಿಡಿದಿದ್ದ ಪೊಲೀಸ ಒಂದು ಹೆಜ್ಜೆ ಮುಂದೆ ಬಂದ. ಇಮಾಮ ಕಣ್ಣು ಬಿಟ್ಟು ನೋಡಿದ. ಪೊಲೀಸ ಬಂದ ಹೆಜ್ಜೆಯಲ್ಲೇ ಹಿಂದೆ ಸರಿದ. ಸುತ್ತ ನೆರೆದಿದ್ದ ತಿಕೋಂಡಿಯ ಜನರಲ್ಲಿ ಯಾರೋ ನಕ್ಕರು.

"ಇಮಾಮಂದು ಇಮಾನ ಬಿತ್ತೋ!" ಎಂದು ಹಿಂದಿನಿಂದ ಒಬ್ಬ ಕೂಗಿದ. "ಪೈಲಟನ ಜೀವಾ ತಗೊಂಡ, ನಮ್ಮ ಕುರಿ ಜೀವಾ ತಗೊಂಡ. ಈಗ ಬೇಡಿ ಬ್ಯಾಡಂತ ನವಾಬಗ!"

ಬೀರಪ್ಪನ ಗುಡಿಯ ಹಿಂದಿನ ಬೀಳು ಹೊಲದಲ್ಲಿ ನಮ್ಮ ಡಕೋಟಾ ವಿಮಾನ, ಊರವರ ಬಾಯಲ್ಲಿ 'ಇಮಾನ', ಹೊಟ್ಟೆ ಊರಿ ಮಲಗಿತ್ತು. ಹಾರುತ್ತಿರುವಾಗಲೇ ಎಡ ಎಂಜಿನ್ನು ಎಣ್ಣೆ ಕಾರಿ ನಿಂತು ವಿಮಾನ ಇಲ್ಲಿ ಬಿದ್ದು ವಾರವಾಗಿತ್ತು. ಪೈಲಟ್ ಮಿರಜದ ದವಾಖಾನೆಯಲ್ಲಿ ತೀರಿಕೊಂಡಿದ್ದ. ಆ ಸಾವಿಗೆ ಒಂದು ಕೊರಳು ಬೇಕಾಗಿತ್ತು. ಅದು ವಿಮಾನದ ಜೊತೆಗೇ ಬಂದಿದ್ದ ಮೆಕ್ಯಾನಿಕ್ ಇಮಾಮನದು. ಉಟಗಿಯವನು, ನಮ್ಮ ಬಾಲಗಾಂವದಿಂದ ಕೂಗಳತೆಯ ಊರು. ಮುಂಬಯಿಯಲ್ಲಿ ನನಗೆ ರೊಟ್ಟಿ ತಟ್ಟಲು ಕಲಿಸಿದವನೇ ಅವನು.

ನಾನು ಭೀಮರಾಯ. ಸಹ್ಯಾದ್ರಿ ಏರ್‌ವೇಜಿನ ದುರಸ್ತಿ ಕಂಟ್ರೋಲಿನಲ್ಲಿ ಕಿರಿಯ ನೌಕರ. ಕಂಟ್ರೋಲ್ ಅಂದರೆ ದೊಡ್ಡದೇನಲ್ಲ: ಒಂದು ಕೋಣೆ, ಟೆಲಿಫೋನು, ಗೋಡೆಯುದ್ದ ಕರಿ ಹಲಗೆ. ಯಾವ ವಿಮಾನ ಹಾರಬೇಕು, ಯಾವುದು ದುರಸ್ತಿಗೆ ನಿಲ್ಲಬೇಕು, ಯಾವ ಊರಲ್ಲಿ ಯಾರು ಯಾವ ನಟ್ಟು ಮುಟ್ಟಬೇಕು, ಎಲ್ಲ ಅಲ್ಲಿಂದ. ಹಲಗೆಯಲ್ಲಿ ವಿಮಾನದ ಎದುರು ಬಿಳಿ ಗೆರೆ ಎಳೆದರೆ ಹಾರು. ಕೆಂಪು ಗೆರೆ ಎಳೆದರೆ ನಿಲ್ಲು. ಕಂಟ್ರೋಲ್ ಹೇಳಿದ್ದನ್ನು ಮೆಕ್ಯಾನಿಕ್ ಮಾಡುತ್ತಾನೆ, ಯಾಕೆ ಎಂದು ಕೇಳುವುದಿಲ್ಲ.

ಆ ಕೋಣೆಯ ಧಣಿ ಶಿವಯೋಗೆಪ್ಪ ಸಾಹೇಬರು. ವರ್ಕ್‌ಶಾಪಿನಲ್ಲಿ ನಟ್ಟು ತಿರುಗಿಸುವ ಪಾನಾ ಹಿಡಿದು ಮೇಲೆ ಬಂದವರು, ಜತ್ತ ಕಡೆಯವರೇ. ಈಗ ಬೇವಿನ ಗಿಡದ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು, ಕಾಲ ಮೇಲೆ ಕಾಲು ಹಾಕಿ, ಇಮಾಮನ ಕಡೆ ನೋಡದೆಯೇ ಮಾತಾಡುತ್ತಿದ್ದರು.

"ಫೌಜದಾರ್ರ, ಹೊತ್ತ ಯಾಕ ಕಳೀತೀರಿ? ಎಣ್ಣಿ ಪೈಪಿನ ನಟ್ಟಿಗೆ ಲಾಕ್‌ವೈರ್ ಹಾಕಿಲ್ಲ ಇಂವ. ನಟ್ಟ ಸಡಲಾತು, ಎಣ್ಣಿ ಹೋತು, ಎಂಜಿನ್ ಹಿಡೀತು. ನಿಮ್ಮ ಕಣ್ಣಾರೆ ತೋರಿಸಿಲ್ಲೇನು?"

"ತೋರಿಸೀರಿ, ತೋರಿಸೀರಿ," ಎಂದ ಫೌಜದಾರ. ಜತ್ತ ಸಂಸ್ಥಾನ ಹೋಗಿ ಮುಂಬಯಿ ಸರ್ಕಾರ ಬಂದಮೇಲೆ ಅವನ ಟೋಪಿ ಹೊಸದಾಗಿತ್ತು, ದನಿ ಮಾತ್ರ ಹಳೆಯದೇ. "ಆದ್ರ ಈ ಮಗಾ ಒಂದ ಸುಳ್ಳ ಹಿಡಕೊಂಡ ಕುಂತಾನ್ರಿ. ಏನ ಕೇಳಿದ್ರೂ 'ತಾರ ಕೊಟ್ಟೀನಿ, ತಾರ ಸಾಹೇಬರ ಕಡೆ ಐತಿ, ಅದನ್ನ ನೋಡ್ರಿ' ಅಂತಾನ. ಜತ್ತ ಪೋಸ್ಟಿನಾಗ ಹುಡುಕಿಸಿದೆ. ಇವನ ಹೆಸರಿಲೆ ಒಂದ ತಾರೂ ಹೋಗಿಲ್ಲ, ಒಂದ ತಾರೂ ಬಂದಿಲ್ಲ. ಬಂಡಲ್!"

ನನಗೆ ತಡೆಯಲಾಗಲಿಲ್ಲ. ಇಮಾಮಣ್ಣ ಸುಳ್ಳು ಹೇಳಿರಲಿಲ್ಲ, ಅದು ನನಗೆ ಗೊತ್ತಿತ್ತು!

"ಫೌಜದಾರ್ರ, ತಾರ ಖರೇನ ಕೊಟ್ಟಾನ್ರಿ!" ಎಂದು ನುಗ್ಗಿದೆ. "ನಾನ ಒಯ್ದೀನಿ. ಇಮಾನ ಬಿದ್ದ ಮರುದಿನ ಸಾಹೇಬರು ಜತ್ತ ಬಂಗಲಿಯಿಂದ ನನ್ನ ಕಳಿಸಿದ್ರು, ಇಮಾಮನ ಕಡಿಂದ ತಾರ ತಗೊಂಡು ಬಾ ಅಂತ. ನಾ ಗುಡಿ ಬಾಜೂಕಿನ ಹಾಲವ್ವನ ಕಟ್ಟಿ ಮ್ಯಾಲ ಚಹಾ ಕುಡಿಯೂದ್ರೊಳಗ ಬರದು, ಕಾಗದ ಮಡಚಿ ಕೊಟ್ಟ. ಸೀದಾ ಒಯ್ದು ಸಾಹೇಬರ ಕೈಯಾಗ ಇಟ್ಟೀನಿ."

ಇಮಾಮ ತಲೆ ಎತ್ತಿದ. ಕೆಲವು ದಿನದಿಂದ ನನ್ನ ಮುಖ ಕಂಡರೆ ಉಗುಳುತ್ತಿದ್ದವನ ಮುಖದಲ್ಲಿ ಅಂದು ಮೊದಲ ಸಲ ಜೀವ ಬಂತು. "ಈಗ ಬಾಯಿ ಬಿಟ್ಟಿ," ಎಂದ ಮೆಲ್ಲಗೆ.

ಫೌಜದಾರ ಸಾಹೇಬರ ಕಡೆ ತಿರುಗಿದ. ಸಾಹೇಬರ ಕಾಲು ಕಾಲ ಮೇಲಿಂದ ಇಳಿಯಲಿಲ್ಲ.

"ಹೌದು, ತಂದಾನ," ಎಂದರು. "ಹೆಡ್ ಆಫೀಸಿಗೆ ಕಳಸೂ ತಾರ. ಒಕ್ಕಣಿ ಬರೆ ಸುಳ್ಳಿತ್ತು. ಹಂಗ ಒಲಿಗೆ ಹಾಕಿದೆ. ನನ್ನ ಕಂಟ್ರೋಲಿನಿಂದ ಸುಳ್ಳ ಹೋಗೂದಿಲ್ಲ."

"ಒಲಿಗೆ?" ಇಮಾಮನ ದನಿ ಒಡೆಯಿತು. "ಒಲಿಗೆ ಹಾಕಿದ್ರಿ?"

ಅವನು ನನ್ನ ಕಾಲ ಬಳಿ ಉಗುಳಿದ. ಮುಖ ಮತ್ತೆ ಮುಚ್ಚಿಹೋಯಿತು. ಒಂದು ಟೆಲಿಗ್ರಾಮ್ ಸುಟ್ಟದ್ದಕ್ಕೆ ಇಷ್ಟು ಸಂಕಟವೇ? ನನಗೆ ಅರ್ಥವಾಗಲಿಲ್ಲ.

"ತಾರ ಗೀರ ಸಾಕು," ಎಂದ ಫೌಜದಾರ. "ಊರ ಮುಂದ ಇನ್ನೊಮ್ಮೆ ತೋರಿಸಿಬಿಡ್ರಿ ಸಾಹೇಬ್ರ. ಆಮ್ಯಾಲ ಯಾರೂ ಪೊಲೀಸರು ಬಡವನ್ನ ಹಿಡಿದ್ರು ಅನಬಾರದು."

ಎಲ್ಲರೂ ಎಡ ಎಂಜಿನ್ನಿನ ಹತ್ತಿರ ಹೋದೆವು. ವಿಮಾನ ಹೊಟ್ಟೆ ಊರಿದ್ದರಿಂದ ಎಂಜಿನ್ನು ಎದೆಯೆತ್ತರಕ್ಕೇ ಇತ್ತು. ಬಿದ್ದ ಕೂಡಲೇ ಬೆಂಕಿ ಹತ್ತಿದೆಯೇ ನೋಡಲು ಇಮಾಮ ಮುಚ್ಚಳ ಬಿಚ್ಚಿದ್ದ, ಅದು ಇನ್ನೂ ಹಾಗೇ ಬಿಚ್ಚಿಕೊಂಡಿತ್ತು. ಒಳಗೆಲ್ಲ ಹಳದಿ. ಅವತ್ತು ಸಂಜೆ ಊರಿಗೆ ಊರೇ ಬಂದು ದೇವರ ಭಂಡಾರ, ಅಂದರೆ ಅರಿಶಿನದ ಪುಡಿ, ತೂರಿತ್ತು. ಇಷ್ಟು ದೊಡ್ಡ ಹಕ್ಕಿಯನ್ನು ಬೀರಪ್ಪ ಗುಡಿಗೆ ತಗುಲದಂತೆ ಕೈಯಲ್ಲಿ ಹಿಡಿದು ಇಳಿಸಿದ ಎಂದು. ಪೈಲಟ್ ಸತ್ತ ಸುದ್ದಿ ಬಂದಮೇಲೆ ಕಾಯಿ ಒಡೆದ ಜನವೇ ಕಲ್ಲು ಹಿಡಿದು ಬಂತು. ಆದರೆ ಎಣ್ಣೆ ಸಿಡಿದ ಎಂಜಿನ್ನಿಗೆ ಅಂಟಿದ ಅರಿಶಿನ ಅಂಟಿದ ಹಾಗೇ ಉಳಿಯಿತು.

ಗುಡಿಯ ಪೂಜಾರಿ ಮನೆತನದ ಹಾಲವ್ವ ಅಲ್ಲೇ ನಿಂತಿದ್ದಳು. ನನ್ನ ಅಂಗಿಯ ಕಿಸೆ ನೋಡಿ ಬಾಯಿಗೆ ಸೆರಗು ಹಿಡಿದಳು. "ಇದೇನೋ ತಮ್ಮಾ, ಎಲಿ ಅಡಿಕಿ ತಿಂದು ಕಿಸೇದಾಗ ಉಗುಳಿಕೊಂಡೀಯೇನು?"

ಕಿಸೆಯ ಮೇಲೆ ಕೆಂಪು ಕಂದು ಕಲೆ. ಎಲ್ಲಿಂದ ಬಂತೋ, ಸಾಬೂನು ಹಚ್ಚಿ ತಿಕ್ಕಿದಷ್ಟೂ ಕೆಂಪಾಗಿತ್ತು. ಜನ ನಕ್ಕರು. ನಾನೂ ಹಲ್ಲು ಕಿರಿದೆ. ಆಮೇಲೆ ಅದನ್ನು ನೆನೆದು ಎಷ್ಟು ಸಲ ಹಲ್ಲು ಕಡಿದೆನೋ.

"ಬ್ಯಾಟರಿ ಹಿಡಿ," ಎಂದರು ಸಾಹೇಬರು ನನಗೆ. ಹಿಡಿದೆ.

"ಇದ ನೋಡ್ರಿ ನಟ್ಟ. ಇದರಾಗ ತೂತ ಕಾಣತಾವಲ್ಲ? ಇದರಾಗ ಸಣ್ಣ ಉಕ್ಕಿನ ಲಾಕ್‌ವೈರ್ ಪೋಣಿಸಿ, ಹುರಿ ಹೊಸದು, ಬಾಜೂಕಿನ ಬೋಲ್ಟಿಗೆ ಕಟ್ಟಬೇಕು. ಕಟ್ಟಿದ್ರ ನಟ್ಟ ತಿರಗೂದಿಲ್ಲ. ಇಲ್ಲಿ ವೈರ್ ಐತೇನು? ಇಲ್ಲ. ನಟ್ಟ ತಿರಗತೈತೇನು? ನೋಡ್ರಿ, ಬೆರಳಿನಾಗ ತಿರಗತೈತಿ."

ಎಲ್ಲರೂ ಖಾಲಿ ತೂತು ನೋಡಿದರು. ನಾನು ಹಳದಿ ನೋಡಿದೆ.

ಬ್ಯಾಟರಿಯ ಬೆಳಕು ಓರೆಯಾಗಿ ಬಿದ್ದಿತ್ತು. ನಟ್ಟಿನ ಬಳಿ, ಬೋಲ್ಟಿನ ಬಳಿ, ನಡುವಿನ ಲೋಹದ ಮೇಲೆ, ಎಲ್ಲ ಕಡೆ ಭಂಡಾರ ಹಿಟ್ಟಿನಂತೆ ಮೆತ್ತಿಕೊಂಡಿತ್ತು. ಆದರೆ ಬೋಲ್ಟಿನಿಂದ ನಟ್ಟಿನ ಕಡೆಗೆ ಒಂದು ಸಣ್ಣ ಗೆರೆ. ಹುರಿ ಹೊಸೆದ ಹಾಗೆ ತಿರುವು ತಿರುವಾದ, ಕಪ್ಪು, ಬೋಳು ಗೆರೆ. ಅಲ್ಲಿ ಮಾತ್ರ ಅರಿಶಿನವಿಲ್ಲ.

ಬ್ಯಾಟರಿ ಇನ್ನೂ ಹತ್ತಿರ ಹಿಡಿದೆ.

"ಫೌಜದಾರ್ರ, ಪಾನಾ ಕೊಡ್ರಿ."

"ಯಾಕಲೇ?" ಸಾಹೇಬರ ದನಿ ಚಾಟಿಯಂತೆ ಬಂತು. "ಸಾಕ್ಷಿ ಮುಟ್ಟಬ್ಯಾಡ!"

"ನೀವು ಬೆರಳಿನಾಗ ತಿರಗಿಸಿದ್ರಲ್ರಿ ಈಗ?" ಎಂದುಬಿಟ್ಟೆ. ಸಾಹೇಬರಿಗೆ ಅಷ್ಟು ಎದುರು ಮಾತು ಹಿಂದೆಂದೂ ಆಡಿರಲಿಲ್ಲ. ಜನ ಗುಜುಗುಜು ಅಂದರು. ಫೌಜದಾರನಿಗೆ ಜಗಳದ ರುಚಿ ಹತ್ತಿತು, ತಾನೇ ಪಾನಾ ಎತ್ತಿ ಕೊಟ್ಟ.

ನಟ್ಟನ್ನು ಬಿಗಿಯಾಗುವ ತನಕ ಮೆಲ್ಲಗೆ ತಿರುಗಿಸಿದೆ. ಅದರ ಮೈಮೇಲೂ ಒಂದು ಬೋಳು ಗೆರೆ ಇತ್ತು, ಸಡಿಲವಾಗಿದ್ದಾಗ ಅದು ಹಿಂದೆ ಅಡಗಿತ್ತು. ತಿರುಗುತ್ತ ತಿರುಗುತ್ತ ಮುಂದೆ ಬಂತು. ನಟ್ಟು ಗಕ್ಕನೆ ನಿಂತಿತು. ನಟ್ಟಿನ ಗೆರೆಯೂ ಬೋಲ್ಟಿನ ಗೆರೆಯೂ ಕೂಡಿ ಒಂದೇ ಗೆರೆಯಾಯಿತು!

"ನೋಡ್ರಿ!" ನಾನು ಕೂಗಿದೆ. "ಭಂಡಾರ ಬೀಳೂ ಮುಂದ ಇಲ್ಲಿ ವೈರ್ ಇತ್ತು. ಅದರ ಕೆಳಗ ಅರಿಶಿಣಾ ಬಿದ್ದಿಲ್ಲ. ನಟ್ಟೂ ಬಿಗಿ ಇತ್ತು. ಇಮಾಮಣ್ಣ ಎಲ್ಲಾ ಬರೋಬ್ಬರಿ ಮಾಡಿದ್ದ. ಇಮಾನ ಬಿದ್ದದ್ದು ನಟ್ಟಿನಿಂದ ಅಲ್ಲ. ವೈರ್ ಕಿತ್ತದ್ದು, ನಟ್ಟ ಸಡಲ ಮಾಡಿದ್ದು ಆಮ್ಯಾಲ, ಇಲ್ಲೇ, ಈ ಹೊಲದಾಗ!"

ಜನ ಒಬ್ಬರ ಮೇಲೊಬ್ಬರು ಬಾಗಿ ಗೆರೆ ನೋಡಿದರು. ಆಮೇಲೆ ಹಾಲವ್ವ ಗುಡಿಯ ಕಡೆ ಕೈ ಮುಗಿದಳು. "ಬೀರಪ್ಪಾ, ನೀನ ಬರದಿಟ್ಟಿ."

"ಆಮ್ಯಾಲ ಯಾರನ್ನೂ ಹತ್ರ ಬಿಡದ, ಎಂಜಿನ್ನಿನ ಮುಂದ ಒಬ್ಬರ ನಿಂತು ತಪಾಸ ಮಾಡಿದವರು ಯಾರ್ರಿ?" ಎಂದೆ, ಸಾಹೇಬರ ಮುಖ ನೋಡಿಕೊಂಡೇ. "ಎಡ ಎಂಜಿನ್ನಿನ ಎಣ್ಣಿ ಪಂಪು ಕುಂಟತೈತಿ ಅಂತ ಸತ್ತ ಪೈಲಟ ಟೆಲಿಫೋನ್ ಮಾಡಿದ್ದ. ಹಲಗಿ ಮ್ಯಾಲ ಕೆಂಪ ಗೆರಿ ನಾನ ಎಳದಿದ್ದೆ. ಬಿಡಾಕ ಬ್ಯಾರೆ ಇಮಾನ ಇಲ್ಲಂತ ಹೆಬ್ಬಟ್ಟಿಲೆ ಒರಿಸಿದವರು ಯಾರ್ರಿ?"

ಸಾಹೇಬರು ಈಗ ನಗುತ್ತಿದ್ದರು. ಅದು ನನಗೆ ಹಿಡಿಸಲಿಲ್ಲ.

"ಬಾಲಗಾಂವದ ಎಮ್ಮಿ ಕಾಯೂದು ಬಿಡಿಸಿ ಕಂಟ್ರೋಲಿಗೆ ತಂದವ ನಾನು," ಎಂದರು. "ಬೊಗಳು, ಬೊಗಳು. ಗೆರಿ ಚಲೋ ಕಂಡ ಹಿಡದಿ. ಈಗ ಫೌಜದಾರ್ರ, ಕೇಳ್ರಿ. ಕಟ್ಟಿದ ವೈರ್ ಯಾರು ಕಿತ್ತರು? ಅದನ್ನ ಕೇಳ್ರಿ."

ಫೌಜದಾರ ಜನರ ಕಡೆ ತಿರುಗಿದ. "ಯಾರರೆ ಕಂಡೀರೇನು?"

"ನಾ ಕಂಡೀನಿ," ಎಂದಳು ಹಾಲವ್ವ.

ನಾನು ಉಬ್ಬಿಹೋದೆ. ಹೇಳಲಿ, ಸಾಹೇಬರ ಹೆಸರು ಹೇಳಲಿ!

ಅವಳು ಇಮಾಮನ ಕಡೆ ಬೆರಳು ಮಾಡಿದಳು.

"ಇವನ. ಪೊಲೀಸರು ಕಾವಲಿಗೆ ಬರೂಕ್ಕಿಂತ ಮದ್ಲ. ಪಕ್ಕಡ ಹಾಕಿ ಕಟ್ ಕಟ್ ಕತ್ತರಸಿದ. ದೇವರ ಭಂಡಾರ ಬಿದ್ದೈತಿ, ಮುಟ್ಟಬ್ಯಾಡೋ ಅಂದೆ. 'ಕಂಟ್ರೋಲ್ ಹೇಳೇತಿ ಅವ್ವಾ' ಅಂದ. ಕಾಗದದಾಗ ಸುತ್ತಿದ." ಅವಳ ಬೆರಳು ನಿಧಾನವಾಗಿ ತಿರುಗಿತು. ನನ್ನ ಎದೆಗೆ ನೇರವಾಗಿ ಬಂದು ನಿಂತಿತು. "ಸುತ್ತಿ ಈ ಹುಡಗನ ಕೈಯಾಗ ಕೊಟ್ಟ. ಇಂವ ನನ್ನ ಕಟ್ಟಿ ಮ್ಯಾಲ ಕುಂತು ಸರ್ ಸರ್ ಚಹಾ ಕುಡ್ಯಾಕ ಹತ್ತಿದ್ದ."

ಅವಳು ಹೇಳಿದ ಕಾಗದ ಯಾವುದು ಅಂತ ಆಗ ಹೊಳೆಯಿತು.

ತಾರ!

ನಮ್ಮ ಆಫೀಸಿನಲ್ಲಿ ಅದನ್ನು ಲಾಕ್‌ವೈರ್ ಅನ್ನುತ್ತೇವೆ. ತಾರ ಅಂದರೆ ನನಗೆ, ಫೌಜದಾರನಿಗೆ, ಊರಿನ ಎಲ್ಲರಿಗೂ ಪೋಸ್ಟಿನಲ್ಲಿ ಬರುವ ತಾರ. ಆದರೆ ವರ್ಕ್‌ಶಾಪಿನ ಮಂದಿ ಉಕ್ಕಿನ ಎಳೆಗೂ ತಾರ ಅಂತಲೇ ಅನ್ನುತ್ತಾರೆ. ಇಮಾಮ ಅನ್ನುತ್ತಿದ್ದ. ಪಾನಾ ಹಿಡಿದು ಮೇಲೆ ಬಂದ ಸಾಹೇಬರಿಗೆ ಅದು ಗೊತ್ತಿತ್ತು. ನಮ್ಮ ಮೂವರಲ್ಲಿ ಗೊತ್ತಿಲ್ಲದವನು ನಾನೊಬ್ಬನೇ. ಅದಕ್ಕೇ ನನ್ನನ್ನೇ ಆರಿಸಿ ಕಳಿಸಿದರು.

ಅವತ್ತಿನ ಮಾತು ಒಂದೊಂದೇ ನೆನಪಾದವು. "ಇಮಾಮಣ್ಣಾ, ಕಂಟ್ರೋಲ್ ತಾರ ಕೇಳೇತಿ," ಅಂದಿದ್ದೆ. ಅವನು ಹುಬ್ಬು ಗಂಟಿಕ್ಕಿ, "ಖರೇನ? ತಗೀಲ್ಯಾ?" ಅಂದಿದ್ದ. ಪೆಟ್ಟಿಗೆಯಿಂದ ಕಾಗದ ತೆಗೆಯಲೇ ಅಂತ ಕೇಳುತ್ತಾನೆ ಅಂದುಕೊಂಡೆ. "ತಗಿ, ಲಗೂನ ತಗಿ," ಅಂದೆ! ಎಳೆ ಅಷ್ಟು ಸಣ್ಣದು, ಮಡಚಿದ ಕಾಗದದೊಳಗೆ ಅದು ಇದ್ದದ್ದೇ ಕೈಗೆ ಗೊತ್ತಾಗಿರಲಿಲ್ಲ.

ಇಮಾಮ ಈಗ ನನ್ನನ್ನೇ ನೋಡುತ್ತಿದ್ದ.

"ಮುಂಬಯಿಯೊಳಗ ತಾರ ನೋಡಿ, ಇಮಾಮ ಬರೋಬ್ಬರಿ ಕಟ್ಟಿದ್ದ ಅಂತ ಕಂಪನಿಗೆ ತೋರಸ್ತೀರಿ ಅಂದಕೊಂಡೆ," ಎಂದ. "ನೀ ನಮ್ಮ ಕಡೆ ಹುಡಗ. ಮೋಸ ಇರಲಾರದು ಅಂತ ಕತ್ತರಸಿ ಕೊಟ್ಟೆ. ವಾರ ಆತು, ಇವತ್ತ ಹೇಳ್ತಿ, ನಾಳಿ ಹೇಳ್ತಿ ಅಂತ ನಿನ್ನ ಬಾಯಿ ನೋಡಕೊಂತ ಕುಂತೀನಿ."

"ನಾ ಟಪಾಲಿನ ತಾರ ತಾ ಅಂದಿದ್ದೆ, ಫೌಜದಾರ್ರ," ಸಾಹೇಬರು ನಿಟ್ಟುಸಿರು ಬಿಟ್ಟರು, ಭಾಳ ನೊಂದವರ ಹಾಗೆ. "ನನ್ನ ಕೈಗೆ ಬರದ ಕಾಗದ ಬಂತು, ಓದಿದೆ, ಒಲಿಗೆ ಹಾಕಿದೆ. ಅದರಾಗ ಉಕ್ಕೂ ಇಲ್ಲ, ಕಬ್ಬಿಣೂ ಇಲ್ಲ. ಇವರಿಬ್ಬರೂ ಕೂಡಿ ಏನರೆ ಕಿತ್ತು ಎಲ್ಲ್ಯರೆ ಒಗದಿದ್ರ ಅದು ಇವರಿಗೇ ಗೊತ್ತು. ಮುದುಕಿ ಕಂಡದ್ದು ಕಾಗದಾ. ಒಳಗ ಏನಿತ್ತು ಕಂಡಾಳೇನು?"

"ಒಳಗ ನೋಡಿಲ್ಲಪ್ಪ ನಾ," ಎಂದಳು ಹಾಲವ್ವ, ಬೆಪ್ಪಾಗಿ.

ಸಾಹೇಬರು ನನ್ನ ಹತ್ತಿರ ಬಂದು ಹೆಗಲ ಮೇಲೆ ಕೈ ಇಟ್ಟರು. ಬಾಯಿ ನನ್ನ ಕಿವಿಯ ಬಳಿ. "ಟಪಾಲಿನ ತಾರ ಅನ್ನು. ಮುಂಬಯಿಗೆ ಹೋದ ಮ್ಯಾಲ ಹಲಗಿ, ಸೀಮೆಸುಣ್ಣ, ಟೆಲಿಫೋನು, ಎಲ್ಲಾ ನಿನ್ನ ಕೈಯಾಗ. ಇಲ್ಲಾ, ಇವನ ಜೋಡಿ ಬೇಡಿ ಹಂಚಿಕೊ."

ಆಗಲೇ ನನಗೆ ಆ ಮಾತು ತಟ್ಟಿದ್ದು. ಒಲಿಗೆ ಹಾಕಿದೆ ಅಂದಿದ್ದರು. ಇಮಾಮನ ಎದುರು ಅಂದದ್ದು ಸುಳ್ಳಲ್ಲ, ಗೆದ್ದವನ ಚುಚ್ಚು. ಕಾಗದ ಬಿಚ್ಚದೆ ಹಾಗೇ ಹಾಕಿರಬೇಕು.

ಕಾಗದ ಸುಡುತ್ತದೆ. ಉಕ್ಕು ಸುಡುವುದಿಲ್ಲ!

ಜತ್ತ ಬಂಗಲೆಯ ಒಲೆಯ ಬೂದಿಯಲ್ಲಿ ಇಮಾಮ ಹೊಸೆದ ತಾರ ಇನ್ನೂ ಬಿದ್ದಿರಬೇಕು. ನಾನು ಹಾಗೆ ಯೋಚಿಸಿದ್ದು ಮುಖದಲ್ಲಿ ಕಂಡಿತೋ ಏನೋ, ಸಾಹೇಬರ ಕೈ ನನ್ನ ಹೆಗಲ ಮೇಲಿಂದ ಥಟ್ಟನೆ ಜಾರಿತು. ಅವರು ಡ್ರೈವರನ ಕಡೆ ತಿರುಗಿದರು.

"ಗಾಡಿ ಚಾಲೂ ಮಾಡು. ಜತ್ತಿಗೆ."

"ನಿಂದರ್ರಿ ಸಾಹೇಬ್ರ, ಈ ಹುಡುಗಂದು ಒಂದ ಮಾತ ಮುಗೀಲಿ," ಎಂದ ಫೌಜದಾರ. ಇನ್ನೊಂದು ಬೇಡಿ ತರಿಸಿದ. ಎರಡನ್ನೂ ಕೈಯಲ್ಲಿ ತೂಗುತ್ತ ನನ್ನ ಮುಂದೆ ಬಂದು ನಿಂತ.

"ಈಗೀಗ ಎಲ್ಲರ ಮುಂದ ತಾರ ನಾನ ಒಯ್ದೀನಿ ಅಂತ ಹಾರಾಡಿದಿ. ಒಳ್ಳೇದು. ಒಂದ ಸವಾಲ, ಒಂದ ಜವಾಬ. ನೀ ಒಯ್ದದ್ದು ಟಪಾಲಿನ ತಾರೋ, ಎಂಜಿನ್ನಿನ ತಾರೋ? ಟಪಾಲಿಂದು ಅಂದ್ರ ಮನೀಗೆ ಹೋಗು. ಎಂಜಿನ್ನಿಂದು ಅಂದ್ರ ಸಾಕ್ಷಿ ಕದ್ದಾವ ನೀನು. ಕೈ ಮುಂದ ಮಾಡು."

ನನ್ನ ಕೈ ಕಿಸೆಯ ಮೇಲೆ ಹೋಗಿತ್ತು, ನಾನು ಕಳಿಸಿದ್ದಲ್ಲ. ಆ ಕೆಂಪು ಕಲೆ ಎಲೆ ಅಡಿಕೆಯದಲ್ಲ ಅಂತ ನನಗೆ ಹೊಳೆದಿತ್ತು. ಎಣ್ಣೆಯಲ್ಲಿ ನೆನೆದ ಭಂಡಾರ ಕಾಗದ ದಾಟಿ ಬಟ್ಟೆಗೆ ಇಳಿದಿತ್ತು. ಅರಿಶಿನಕ್ಕೆ ಸಾಬೂನು ತಾಗಿದರೆ ಕೆಂಪಾಗುತ್ತದೆ. ನನ್ನ ತಾಯಿ ಇದ್ದಿದ್ದರೆ ನೋಡಿದ ಕೂಡಲೇ ಹೇಳುತ್ತಿದ್ದಳು. ಆ ತಾರ ನನ್ನ ಎದೆಯ ಮೇಲೆ ತನ್ನ ರುಜು ಹಾಕಿ ಹೋಗಿತ್ತು.

ಕೈ ತೆಗೆದು ಕಲೆ ತೋರಿಸಿ, ಎಂಜಿನ್ನಿನ ತಾರ ಅಂದರೆ ಇಮಾಮನ ಮಾತು ನಿಜವಾಗುತ್ತದೆ, ಆದರೆ ನನಗೂ ಬೇಡಿ ಬೀಳುತ್ತದೆ. ಬೇಡಿ ಬಿದ್ದವನ ಮಾತು ಕೇಳಿ ಒಲೆ ಹುಡುಕಿಸುವವನಲ್ಲ ಫೌಜದಾರ. ಸಾಹೇಬರ ಗಾಡಿ ಜತ್ತ ಸೇರುತ್ತದೆ, ಬೂದಿ ಹಾರಿಹೋಗುತ್ತದೆ. ಟಪಾಲಿನ ತಾರ ಅಂದರೆ ನಾನು ಸ್ವತಂತ್ರ. ಗಾಡಿಯ ದಾರಿ ಸುತ್ತು; ಯಾರದಾದರೂ ಸೈಕಲ್ಲು ಹತ್ತಿ ಅಡ್ಡದಾರಿ ಹಿಡಿದು ಸಾಹೇಬರಿಗಿಂತ ಮೊದಲು ಆ ಒಲೆ ಮುಟ್ಟಬಲ್ಲೆ. ಆದರೆ ಊರ ಮುಂದೆ, ನನ್ನದೇ ಬಾಯಿಂದ, ಇಮಾಮನನ್ನು ಸುಳ್ಳನನ್ನಾಗಿ ಮಾಡಿದವನ ಕೈಯಲ್ಲಿ ಆಮೇಲೆ ತಾರ ಕಂಡರೆ ಯಾರು ನಂಬುತ್ತಾರೆ?

ಇಮಾಮ ಎರಡೂ ಕೈ ಮುಂದೆ ಚಾಚಿದ. ಯಾರೂ ಹೇಳಿರಲಿಲ್ಲ. ಬೇಡಿ ಬಿದ್ದ ಸದ್ದು ಕೇಳಿತು. ಕಣ್ಣು ಮಾತ್ರ ನನ್ನ ಬಾಯಿಯ ಮೇಲೇ ಇತ್ತು.

"ಹೇಳಲೇ," ಎಂದ ಫೌಜದಾರ.

ಗಾಡಿ ಗುರ್ ಅಂತ ಚಾಲೂ ಆಯಿತು.

ಈಗ ನೀವೇ ಹೇಳಿ. ಆ ಬೀಳಿನಲ್ಲಿ, ಕಿಸೆಯ ಮೇಲೆ ಕೈ ಇಟ್ಟು ನಿಂತವರು ನೀವಾಗಿದ್ದರೆ, ಯಾವ ತಾರ ಅನ್ನುತ್ತಿದ್ದಿರಿ?